ಬಂಡಿಯ ಗಾಲಿ, ವಿಮಾನದ ಬಾಲ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಹಾದಿಯಲ್ಲಿ ಬಂಡಿಗಳ ಸಾಲು. ಕಮಾನಿನ ಮೇಲೆ ತಾಡಪಾಲು, ಒಳಗೆ ಕಟಕ ರೊಟ್ಟಿಯ ಬುತ್ತಿ, ಹಿಂದೆ ಬಿಗಿದ ಮೇವಿನ ಹೊರೆ, ಎತ್ತುಗಳ ಕೊರಳಲ್ಲಿ ಗೆಜ್ಜೆಸರ. ಡೆಂಕಣ ಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಕೇಳಿ ಮರಳುವ ಜನ ಶಿವರಾತ್ರಿಯ ಹೊತ್ತಿಗೆ ಮತ್ತೆ ಬಂಡಿ ಹೂಡುತ್ತಾರೆ, ಅದೇ ತಾಲ್ಲೂಕಿನ ಕುರುವತ್ತಿ ಬಸವಣ್ಣನ ಜಾತ್ರೆಗೆ. ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳಲ್ಲಿ ಎತ್ತಿನ ಕೋಡಣಸು, ಬಣ್ಣದ ಜೂಲು ಎದ್ದು ಕಾಣುತ್ತವೆ. ಗಾಲಿಯ ಕಡೆಗೆ ಕ್ಯಾಮೆರಾ ಬಗ್ಗುವುದಿಲ್ಲ.

ಬಗ್ಗಿ ನೋಡಬೇಕಾದದ್ದು ಅಲ್ಲೇ. ಮೇಲೆ ಕಮಾನು ಹಳೆಯದು, ನೊಗ ಹಳೆಯದು, ಹರಕೆ ಇನ್ನೂ ಹಳೆಯದು. ಕೆಳಗೆ ಮಾತ್ರ ರಬ್ಬರು ಟೈರು.

ಕಟ್ಟಿಗೆಯ ಗಾಲಿ ಇಳಿದು ರಬ್ಬರು ಏರಿದ್ದನ್ನು ಹೆಚ್ಚಿನವರು ಸುಧಾರಣೆ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಈ ಸೀಮೆಯ ನೆಲ ಬಲ್ಲವರು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಕೂಡ್ಲಿಗಿ, ಕೊಟ್ಟೂರಿನ ಕಡೆ ಕಲ್ಲು ಬೆರೆತ ಮಸಾರಿ. ಹಡಗಲಿ, ಹರಪನಹಳ್ಳಿಯ ಹೊಲಗಳಲ್ಲಿ ಅಲ್ಲಲ್ಲಿ ಮಳೆ ಬಿದ್ದರೆ ಮೊಣಕಾಲು ಹಿಡಿಯುವ ಎರೆ. ತುಂಗಭದ್ರೆಯ ದಂಡೆಯಲ್ಲಿ, ಹಗರಿಬೊಮ್ಮನಹಳ್ಳಿಗೆ ತನ್ನ ಹೆಸರು ಕೊಟ್ಟ ಹಗರಿಯ ಪಾತ್ರದಲ್ಲಿ ಬರೀ ಉಸುಕು. ಒಂದೇ ದಿನದ ಪಯಣದಲ್ಲಿ ಬಂಡಿ ಮೂರೂ ನೆಲ ತುಳಿಯಬೇಕು. ಗಾಲಿಯನ್ನು ಆರಿಸುತ್ತಿದ್ದದ್ದು ರೈತನೋ ಬಡಿಗನೋ ಎನ್ನುವುದಕ್ಕಿಂತ ನೆಲವೇ ಎನ್ನುವುದು ಸರಿ.

ಆಡಳಿತದ ಬಂಡಿಯಂತೂ ಇಲ್ಲಿ ಬೇಕಾದಷ್ಟು ಸಲ ಹಾದಿ ಬದಲಿಸಿದೆ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಮದ್ರಾಸಿನ ಆಳ್ವಿಕೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ. 1997ರಲ್ಲಿ ಹರಪನಹಳ್ಳಿ ಒಂದೇ ದಾವಣಗೆರೆಗೆ ಹೋಗಿ 2018ರಲ್ಲಿ ವಾಪಸು. 2021ರಲ್ಲಿ ಮೇಲೆ ಹೇಳಿದ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ.

ಕಂಪನಿಯ ಕಾಲಕ್ಕೆ ಇಲ್ಲಿ ದೂರದ ಸಾಗಾಟವೆಂದರೆ ಬಂಡಿಯಲ್ಲ, ಹೇರೆತ್ತು. ಉಪ್ಪು, ದವಸ, ಅರಳೆ ಎಲ್ಲವೂ ಎತ್ತಿನ ಬೆನ್ನಿನ ಮೇಲೆ ಗೋಣಿಚೀಲಗಳಲ್ಲಿ ಹೋಗುತ್ತಿದ್ದವು. ಆ ವ್ಯಾಪಾರದ ಒಡೆಯರು ಲಂಬಾಣಿಗಳು. 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋದ ಕಾರ್ನ್‌ವಾಲಿಸನ ಸೈನ್ಯದ ಹೊಟ್ಟೆ ತುಂಬಿಸಿದ್ದೂ ಅವರ ಎತ್ತುಗಳೇ. ಹಾದಿಯೇ ಇಲ್ಲದ ಕಡೆ ಗಾಲಿ ಏಕೆ? ಎತ್ತಿಗೆ ಕಾಲುದಾರಿ ಸಾಕು, ಹಳ್ಳ ದಾಟಲು ಸೇತುವೆ ಬೇಡ. ಇಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳಲ್ಲಿ ಕಾಣುವ ಸಾಲುಸಾಲು ತಾಂಡಾಗಳು ಆ ಹೇರೆತ್ತಿನ ವ್ಯಾಪಾರ ನಿಂತ ಮೇಲೆ ನೆಲ ಹಿಡಿದ ಬದುಕಿನ ಗುರುತು. ರಸ್ತೆ ಬಂತು, ಗಾಲಿ ಬಂತು, ಹೇರೆತ್ತು ಹೋಯಿತು. ಒಂದರ ಉದ್ಯೋಗವನ್ನು ಇನ್ನೊಂದು ನುಂಗುವ ಈ ಆಟ ರಬ್ಬರಿನ ಕಾಲಕ್ಕೆ ಶುರುವಾದದ್ದಲ್ಲ.

ಹಾಗೆ ಬಂದ ಗಾಲಿ ಸಾಮಾನ್ಯದ್ದಲ್ಲ. ಸುಮಾರು ಐದಡಿ ಎತ್ತರ. ನಡುವೆ ಗುಂಬ, ಅದಕ್ಕೆ ಸಾಮಾನ್ಯವಾಗಿ ಹನ್ನೆರಡು ಅರೆಕಾಲು, ಸುತ್ತ ಬಾಗಿದ ಆರು ಕಟ್ಟಿಗೆ ತುಂಡು, ಒಂದೊಂದು ತುಂಡಿಗೆ ಎರಡೆರಡು ಅರೆಕಾಲು. ಎಲ್ಲಕ್ಕೂ ಮೇಲೆ ಕಬ್ಬಿಣದ ಹಳಿ. ಕಟ್ಟಿಗೆಗೆ ಬಡಿಗನ ಮೊದಲ ಆಯ್ಕೆ ಕರಿಜಾಲಿ. ಬರದ ಸೀಮೆಯ ಮರ, ಗಂಟುಗಂಟಾಗಿ ಬೆಳೆದರೂ ಸೀಳುವುದಿಲ್ಲ. ಅಚ್ಚಿಗೆ ದಿಂಡಿಗದಂಥ ಗಡಸು ಮರ, ಮುಂದೆ ಕಬ್ಬಿಣದ ಇರುಸು. ಗಾಲಿ ಕಳಚದಂತೆ ತುದಿಗೆ ಒಂದು ಕಡಾಣಿ. ಬಂಡಿಯ ಅಡಿಯಲ್ಲಿ ತೂಗುವ ಕೊಳವೆಯಲ್ಲಿ ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿದ ಕರಿ ಪಾಕ.

ಹಳಿ ಏರಿಸುವ ದಿನ ಊರಿಗೆ ಊರೇ ಕುಲುಮೆಯ ಮುಂದೆ. ಬಡಿಗನ ಕೆಲಸ ಮುಗಿದು ಕಮ್ಮಾರನ ಕೆಲಸ ಶುರುವಾಗುವ ಗಳಿಗೆ ಅದು. ಮೊದಲು ಗಾಲಿಯ ಅಂಚಿಗೆ ಗುರುತು ಹಾಕಿ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಸುತ್ತಳತೆ ಹಿಡಿಯುತ್ತಾರೆ. ಐದಡಿ ಗಾಲಿಗೆ ಅದು ಹದಿನೈದೂಮುಕ್ಕಾಲು ಅಡಿಗೆ ತುಸು ಕಡಿಮೆ. ಕಬ್ಬಿಣದ ಪಟ್ಟಿಯನ್ನು ಬೇಕೆಂದೇ ಅದಕ್ಕಿಂತ ಒಂದು ಬೆರಳು ಗಿಡ್ಡ ಕತ್ತರಿಸಿ, ಬಗ್ಗಿಸಿ, ತುದಿಗಳನ್ನು ಬೆಸೆದು ಬಳೆ ಮಾಡುತ್ತಾರೆ. ಹಾಗೆಯೇ ಇಟ್ಟರೆ ಗಾಲಿಯ ಮೇಲೆ ಕೂರುವುದಿಲ್ಲ. ಬಯಲಲ್ಲಿ ಬಳೆಯನ್ನು ಮಲಗಿಸಿ ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕಬ್ಬಿಣ ಕೆಂಪಗಾಗಿ ಒಂದಂಗುಲದ ಮೇಲೆ ಹಿಗ್ಗಿದಾಗ ನಾಲ್ಕು ಜನ ಇಕ್ಕಳದಿಂದ ಎತ್ತಿ ಗಾಲಿಯ ಮೇಲೆ ಇಳಿಸಬೇಕು. ಕಟ್ಟಿಗೆ ಹೊತ್ತಿಕೊಳ್ಳುತ್ತದೆ, ಹೊಗೆ ಏಳುತ್ತದೆ, ಸುತ್ತಿಗೆಯ ಏಟು ಬೀಳುತ್ತದೆ, ಅಷ್ಟರಲ್ಲಿ ಕೊಡಗಟ್ಟಲೆ ನೀರು. ಚುಯ್ಯೆಂದು ಹಳಿ ಕುಗ್ಗುವಾಗ ಗಾಲಿಯ ಕೀಲುಗಳೆಲ್ಲ ಕಟಕಟ ಎಂದು ಒಳಕ್ಕೆ ಬಿಗಿದುಕೊಳ್ಳುತ್ತವೆ. ಗುಂಬ, ಅರೆಕಾಲು, ಸುತ್ತಿನ ತುಂಡುಗಳು ಬಿಡಿಯಾಗಿದ್ದದ್ದು ಒಂದೇ ಜೀವವಾಗುವುದು ಆ ಸದ್ದಿನಲ್ಲಿ. ಹಳಿ ಒಂದು ಬೆರಳಿಗೆ ಬದಲು ಎರಡು ಬೆರಳು ಗಿಡ್ಡವಾದರೆ ಗಾಲಿ ತಿರುಚಿಕೊಳ್ಳುತ್ತದೆ. ಸಡಿಲವಾದರೆ ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ನಡುದಾರಿಯಲ್ಲಿ ಹಳಿ ಕಳಚುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಗಾಲಿಗಳನ್ನು ಕೆರೆಯ ನೀರಲ್ಲಿ ಮುಳುಗಿಸಿಡುತ್ತಿದ್ದರು. ಈ ಲೆಕ್ಕಕ್ಕೆ ಪುಸ್ತಕವಿರಲಿಲ್ಲ. ಕೂಲಿಯೂ ನಗದಲ್ಲ, ಸುಗ್ಗಿಯಲ್ಲಿ ಕಣದಿಂದ ಬರುವ ಆಯ.

ಆ ಎತ್ತರ, ಆ ಕಿರಿದಾದ ಹಳಿ ಎರಡಕ್ಕೂ ಕಾರಣವಿತ್ತು. ಎತ್ತರದ ಗಾಲಿ ಗುಂಡಿ, ಬದು, ಕಲ್ಲನ್ನು ಸಲೀಸಾಗಿ ಹತ್ತಿ ಇಳಿಯುತ್ತದೆ. ಎರೆಯಲ್ಲಿ ಹೂತರೂ ಅಚ್ಚು ಕೆಸರಿಗೆ ತಾಗುವುದಿಲ್ಲ, ಕಿರಿದಾದ ಹಳಿ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ. ಮುಳ್ಳಿನ ಭಯವಂತೂ ಇಲ್ಲವೇ ಇಲ್ಲ. ಸೋಲುವುದು ಉಸುಕಿನಲ್ಲಿ, ಮತ್ತು ಮುಂದೆ ಬಂದ ಜಲ್ಲಿ ರಸ್ತೆಯಲ್ಲಿ.

ಆ ರಸ್ತೆಯ ಮಾತಿಗೆ ಮುಂಚೆ ರೈಲಿನದು. ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ಹಳಿ ಬಿದ್ದದ್ದು 1905ರಲ್ಲಿ. ಅದಕ್ಕೆ ಹಿಂದೆ 1876–78ರ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ದವಸ ಆಗಲೇ ಹಳಿ ಬಿದ್ದಿದ್ದ ಕಡೆಯ ರೈಲುನಿಲ್ದಾಣಕ್ಕೆ ಬಂದರೂ ಒಳನಾಡಿಗೆ ಒಯ್ಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸತ್ತಿದ್ದವು. ರೈಲು ಬಂದರೆ ಬಂಡಿ ಹೋಗುತ್ತದೆ ಎಂದು ಈಗ ನಮಗೆ ಅನಿಸುತ್ತದೆ. ಆದದ್ದು ತಿರುಗುಮುರುಗು. ರೈಲು ಕೊಟ್ಟೂರಿಗೆ ಬಂದು ನಿಂತದ್ದರಿಂದ ಸುತ್ತಣ ಊರುಗಳ ಅರಳೆ, ಶೇಂಗಾ, ಜೋಳವೆಲ್ಲ ಬಂಡಿಯಲ್ಲಿ ಕೊಟ್ಟೂರಿಗೇ ಬರಬೇಕಾಯಿತು. ಕೊಟ್ಟೂರಿನಿಂದ ಹರಿಹರದವರೆಗೆ ಹಳಿ ಮುಂದುವರಿಯಲು ಸುಮಾರು ಒಂದು ಶತಮಾನ ಹಿಡಿಯಿತು. ಅಷ್ಟೂ ಕಾಲ ಹರಪನಹಳ್ಳಿಯ ಕಡೆಯ ಮಾಲಿಗೆ ಗಾಲಿಯೇ ಗತಿ.

ಇತ್ತ ಸರ್ಕಾರದ ಕಣ್ಣು ಕಬ್ಬಿಣದ ಹಳಿಯ ಮೇಲೆ ಬಿತ್ತು. ಎರಡಂಗುಲದ ಪಟ್ಟಿಯ ಮೇಲೆ ಅರ್ಧ ಟನ್ ಕೂತರೆ ಜಲ್ಲಿ ರಸ್ತೆ ಪುಡಿಯಾಗದೆ ಇನ್ನೇನಾದೀತು? 1920ರ ಮದ್ರಾಸ್ ಜಿಲ್ಲಾ ಪುರಸಭೆ ಕಾಯ್ದೆಯಲ್ಲಿ ಬಂಡಿಗೂ ತೆರಿಗೆ ಇತ್ತು. 1928ರಲ್ಲಿ ಜಯಕರ್ ಸಮಿತಿ ದೇಶದ ರಸ್ತೆಗಳ ವಿಚಾರವಾಗಿ ವರದಿ ಕೊಟ್ಟಿತು, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಮೋಟಾರಿಗೆ ಹಾಕಿದ ರಸ್ತೆಯನ್ನು ಬಂಡಿ ಕೆಡಿಸುತ್ತದೆ ಎಂಬ ದೂರು ಬಲವಾಯಿತು. ಬಂಡಿಯ ಹಾದಿಯ ಮೇಲೇ ಮೋಟಾರು ಬಂದದ್ದು ಎಂದು ಯಾರೂ ನೆನಪಿಸಲಿಲ್ಲ.

ಪರಿಹಾರ ಬಂದದ್ದು ಒಬ್ಬ ಪಶುವೈದ್ಯನಿಂದ. ಬೆಲ್‌ಫಾಸ್ಟಿನಲ್ಲಿ ದನ ಕುದುರೆಗಳಿಗೆ ಮದ್ದು ಕೊಡುತ್ತಿದ್ದ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಸುತ್ತಿ 1888ರಲ್ಲಿ ಪೇಟೆಂಟ್ ಪಡೆದ. ಅದೇ ಉಪಾಯಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದನೆಂದು ಆಮೇಲೆ ತಿಳಿದು ಡನ್ಲಪ್ಪನ ಪೇಟೆಂಟು ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಎಷ್ಟು ಉಳಿಯಿತೆಂದರೆ, ಬಂಗಾಳದ ಸಾಹಗಂಜ್‌ನಲ್ಲಿ 1936ರಲ್ಲಿ ಆ ಹೆಸರಿನ ಕಾರ್ಖಾನೆ ಶುರುವಾದ ಮೇಲೆ ಟೈರು ಯಾವ ಕಂಪನಿಯದಾದರೂ ಹಳ್ಳಿಗರ ಬಾಯಲ್ಲಿ ಅದು ಡನ್ಲಪ್ ಗಾಡಿಯೇ. ದನದ ಡಾಕ್ಟರನ ಹೆಸರು ಎತ್ತಿನ ಬಂಡಿಗೇ ಅಂಟಿದ್ದು ಯೋಗಾಯೋಗ.

ಬಂಡಿಗೆಂದೇ ಬೇರೆ ಟೈರುಗಳು ಬಂದವು. 6.00–19, 7.00–19, 8.00–19 ಎಂದು ಇಂದಿಗೂ ಅವುಗಳ ಅಳತೆ: ಮೊದಲಿನದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ಅಡ್ಡಳತೆ, ಎರಡೂ ಅಂಗುಲದಲ್ಲಿ. ಹೊಸದು ಕೊಳ್ಳಲಾಗದವರು ಹಳೆಯ ಜೀಪು, ಲಾರಿಯ ಚಕ್ರಗಳನ್ನೇ ಬೇರಿಂಗ್ ಸಮೇತ ತಂದು ಕೂಡಿಸಿದರು. ಲೆಕ್ಕ ರೈತನಿಗೆ ಬೇಗ ತಿಳಿಯಿತು. ಕಟ್ಟಿಗೆ ಗಾಲಿಯ ಬಂಡಿಗೆ ಹತ್ತು ಕ್ವಿಂಟಲ್ ಹೇರಿದರೆ ಹೆಚ್ಚು; ಟೈರಿನದಕ್ಕೆ ಹದಿನೈದು, ಇಪ್ಪತ್ತು. ತುಂಗಭದ್ರಾ ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿದ್ದು 1953ರ ಹೊತ್ತಿಗೆ ನೀರು ನಿಂತ ಮೇಲೆ ಕಾಲುವೆ ಕೆಳಗಿನ ಕಬ್ಬಿಗೆ, ಹೊಸಪೇಟೆಯ ಸಕ್ಕರೆ ಕಾರ್ಖಾನೆಯ ದಾರಿಗೆ ಈ ಬಂಡಿಯೇ ಸರಿ ಎನಿಸಿತು. ಕೆರೆ, ಮಳೆ ನಂಬಿದ ಕೂಡ್ಲಿಗಿ ಕಡೆಗೆ ಟೈರು ನಿಧಾನವಾಗಿ ಬಂತು.

ನಿಧಾನಕ್ಕೆ ಬಡತನವೊಂದೇ ಕಾರಣವಲ್ಲ, ಮುಳ್ಳೂ ಕಾರಣ. ಕರ್ನಾಟಕವೆಲ್ಲ ಬಳ್ಳಾರಿ ಜಾಲಿ ಎಂದು ಕರೆಯುವ ಗಿಡ ಬಳ್ಳಾರಿಯದೇ ಅಲ್ಲ. 1870ರ ದಶಕದ ಕೊನೆಯಲ್ಲಿ ಮದ್ರಾಸಿನ ಅರಣ್ಯಾಧಿಕಾರಿ ಬೆಡ್ಡೋಮನ ಬೇಡಿಕೆಯಂತೆ ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರು. ಬರದ ನಾಡಿಗೆ ಸೌದೆ ಒದಗಲಿ ಎಂದು. ಸೌದೆ ಒದಗಿತು, ಜೊತೆಗೆ ರಸ್ತೆ, ಬದು, ಕೆರೆಯಂಗಳಗಳಲ್ಲೆಲ್ಲ ಎರಡಂಗುಲದ ಮುಳ್ಳು ಹರಡಿತು. ಕಬ್ಬಿಣದ ಹಳಿ ಅದನ್ನು ಪುಡಿ ಮಾಡಿ ಮುಂದೆ ಹೋಗುತ್ತಿತ್ತು. ಟೈರು ಕೂತುಬಿಡುತ್ತದೆ. ಜಾತ್ರೆಯ ದಾರಿಯಲ್ಲಿ ಎತ್ತು ಬಿಚ್ಚಿ, ಮೂಕಿಗೆ ಕಲ್ಲು ಕೊಟ್ಟು, ಟ್ಯೂಬು ಎಳೆದು ಬಕೆಟ್ ನೀರಲ್ಲಿ ಗುಳ್ಳೆ ಹುಡುಕುತ್ತ ಕೂತ ಮನೆಯವರು ಇವತ್ತಿಗೂ ಕಾಣಸಿಗುತ್ತಾರೆ. ಮೇಲಾಗಿ ಟೈರಿನ ಗಾಲಿ ಮೂರಡಿಯಷ್ಟೂ ಎತ್ತರವಿಲ್ಲ. ಹಸಿ ಎರೆಯಲ್ಲಿ ಅಚ್ಚಿನವರೆಗೆ ಹೂತು, ಅಂಟುಮಣ್ಣು ಸುತ್ತಿಕೊಂಡು, ಎರಡು ಜೊತೆ ಎತ್ತು ಕಟ್ಟಿದರೂ ಜಪ್ಪೆನ್ನುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಎರಡೂ ಇದ್ದವು: ಸಂತೆ, ರಸ್ತೆಗೆ ಟೈರಿನ ಬಂಡಿ, ಹೊಲಕ್ಕೆ ಹಳಿಗಾಲಿ.

ಇಷ್ಟಾದ ಮೇಲೆ ಆಕಾಶದ ಕಡೆ ಒಮ್ಮೆ ನೋಡಬೇಕು, ಯಾಕೆಂದರೆ ಇದೇ ಜಗಳ ಅಲ್ಲೂ ನಡೆದಿದೆ.

ಮೊದಲ ಕಾಲದ ವಿಮಾನಗಳ ಮುಂದೆ ಎರಡು ಗಾಲಿ, ಬಾಲದ ಕೆಳಗೆ ಬರೀ ಒಂದು ಊರೆ. 1931ರಲ್ಲಿ ಹಾರಿದ, ನಮ್ಮ ವಾಯುಪಡೆಯ ಹುಡುಗರೂ ಕಲಿತ ಟೈಗರ್ ಮಾತ್‌ಗೂ ಬಾಲಕ್ಕೆ ಊರೆಯೇ. ಹುಲ್ಲುಗಾವಲಲ್ಲಿ ಇಳಿದಾಗ ಅದು ನೆಲ ಗೀರಿ ಬ್ರೇಕಿನ ಕೆಲಸ ಮಾಡುತ್ತಿತ್ತು. ಕಾಂಕ್ರೀಟ್ ರನ್‌ವೇ ಬಂದದ್ದೇ ಊರೆಗೆ ಹಿಡಿತ ತಪ್ಪಿತು, ರನ್‌ವೇಗೂ ಕೆಡುಕು. ಊರೆಯ ಜಾಗಕ್ಕೆ ಬಾಲಗಾಲಿ ಬಂತು. ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ–2 1951ರಲ್ಲಿ ಹಾರಿತು, ಬಾಲಗಾಲಿಯ ವಿಮಾನ. 1958ರಲ್ಲಿ ಅದೇ ಕಾರ್ಖಾನೆಯಿಂದ ಫ್ಲೈಯಿಂಗ್ ಕ್ಲಬ್‌ಗಳಿಗೆಂದು ಬಂದ ಎರಡು ಸೀಟಿನ ಪುಷ್ಪಕ್, ಮರುವರ್ಷದ ಕೃಷಕ್ ಕೂಡ ಅದೇ ಜಾತಿ. ಪುಷ್ಪಕ್ ಇಬ್ಬರನ್ನು ಕೂರಿಸಿ, ಪೆಟ್ರೋಲು ತುಂಬಿಸಿದರೂ ಆರು ಕ್ವಿಂಟಲ್ಲಿನ ಆಸುಪಾಸು. ಕೊಟ್ಟೂರು ಸಂತೆಗೆ ಶೇಂಗಾ ಹೇರಿದ ಟೈರಿನ ಬಂಡಿ ಅದರ ಎರಡು ಪಟ್ಟು ತೂಗೀತು.

ತಾವೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಇಂದಿಗೂ ದೊಡ್ಡ ತಲೆನೋವು ಈ ಪುಟ್ಟ ಬಾಲಗಾಲಿಯ ಟೈರು. ಅವರ ಚರ್ಚೆ ಹಡಗಲಿಯ ರೈತನ ಮಾತಿಗೆ ಬಹಳ ಹತ್ತಿರ. ಗಟ್ಟಿ ರಬ್ಬರಿನದು ಪಂಕ್ಚರ್ ಆಗುವುದಿಲ್ಲ, ಆದರೆ ಪ್ರತಿ ಕುಲುಕೂ ಬಾಲದ ಚೌಕಟ್ಟಿಗೆ ನೇರ ಹೊಡೆಯುತ್ತದೆ, ಹುಲ್ಲುನೆಲದಲ್ಲಿ ಹೂಳುತ್ತದೆ. ಗಾಳಿ ತುಂಬಿದ್ದು ಮೆತ್ತನೆ ನೆಲಕ್ಕೆ ಸೈ, ಆದರೆ ಮುಳ್ಳು ಕಲ್ಲಿಗೆ ಹೆದರಬೇಕು, ಗಾಳಿ ಇಳಿದರೆ ವಿಮಾನವನ್ನು ತಿರುಗಿಸುವುದೇ ಕಷ್ಟ. ಎತ್ತರ ಹೆಚ್ಚು ಕಡಿಮೆಯಾದರೆ ತಿರುಗಣಿಯ ಓರೆ ಬದಲಾಗಿ, ನೆಲದ ಮೇಲೆ ಓಡುವಾಗ ಗಾಲಿ ಗಡಗಡ ನಡುಗಲು ಶುರು. ಅವರು ಹೆಚ್ಚಾಗಿ ಹಾಕುವ ಒಂದು ಅಳತೆ 2.80/2.50–4. ಗೋದಾಮಿನಲ್ಲಿ ಮೂಟೆ ತಳ್ಳುವ ಕೈಗಾಡಿಯ ಟೈರೂ ಇದೇ ಅಳತೆಯದು. ಇನ್ನು ಬಿಕಾನೇರ್ ಕಡೆ ಹೋದರೆ ಒಂಟೆಗಾಡಿಗಳು ಸವೆದು ಬಿಸಾಡಿದ ದೊಡ್ಡ ವಿಮಾನಗಳ ಟೈರಿನ ಮೇಲೆ ಉರುಳುತ್ತವೆ, ಅಗಲದ ಟೈರು ಮರಳಿಗೆ ಒಳ್ಳೆಯದೆಂದು. ಗಾಡಿಯದು ವಿಮಾನಕ್ಕೆ, ವಿಮಾನದ್ದು ಗಾಡಿಗೆ!

ಬಂಡಿಯನ್ನು ವಿಮಾನದಷ್ಟೇ ಗಂಭೀರವಾಗಿ ನೋಡಿದವರೂ ಬೆಂಗಳೂರಿನಲ್ಲಿದ್ದರು. ಅಲ್ಲಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ. ಕಂಪನಿಗಳ ಮ್ಯಾನೇಜರುಗಳನ್ನು ತಯಾರಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಬಂಡಿಯ ಬೆನ್ನು ಹತ್ತಿದ್ದು ಆಗ ಹಲವರಿಗೆ ನಗೆಯ ವಿಷಯ. ದೇಶದಲ್ಲಿ ಸುಮಾರು ಒಂದೂವರೆ ಕೋಟಿ ಬಂಡಿಗಳಿವೆ, ಅವುಗಳಲ್ಲಿ ಹೂಡಿದ ಹಣ, ಅವು ಸಾಗಿಸುವ ಮಾಲು ಸಣ್ಣದಲ್ಲ ಎಂದು ಅವರು ಲೆಕ್ಕ ಕೊಟ್ಟರು. ಅವರ ಗಮನ ಗಾಲಿಯಷ್ಟೇ ನೊಗದ ಮೇಲೂ ಇತ್ತು: ಟೈರು ಬಂದು ಹೊರೆ ಇಮ್ಮಡಿಯಾಯಿತು, ಎತ್ತಿನ ಹೆಗಲ ಮೇಲಿನ ನೊಗ ಮಾತ್ರ ಅಜ್ಜನ ಕಾಲದ್ದೇ. ಇಳಿಜಾರಿನಲ್ಲಿ ಇಪ್ಪತ್ತು ಕ್ವಿಂಟಲ್ ಹಿಂದಿನಿಂದ ನೂಕಿದರೆ ತಡೆಯಬೇಕಾದದ್ದು ಅದೇ ಎರಡು ಕೊರಳು. ರಬ್ಬರಿನ ಸುಖ ರಸ್ತೆಗೆ ಸಿಕ್ಕಿತು, ವರ್ತಕನಿಗೆ ಸಿಕ್ಕಿತು. ಎತ್ತಿಗೆ ಎಷ್ಟು ಸಿಕ್ಕಿತೆಂಬುದು ಇವತ್ತಿಗೂ ಅನುಮಾನ.

ಕಟ್ಟಿಗೆಯ ಗಾಲಿ ಪೂರ್ತಿ ಸೋತದ್ದು ಟೈರಿಗೂ ಅಲ್ಲ, ಟ್ರ್ಯಾಕ್ಟರಿಗೆ. ಎತ್ತು ಸಾಕುವುದು ದುಬಾರಿಯಾಯಿತು, ಕುಲುಮೆ ಆರಿತು. ಕೂಡ್ಲಿಗಿಯ ಮೇಲೆ ಹಾಯುವ ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯಲ್ಲಿ ಬಂಡಿಗೆ ಜಾಗವೂ ಇಲ್ಲ. ಗಾಲಿಯ ವಿದ್ಯೆ ಸುದ್ದಿಯಾಗುವುದು ತೇರು ಎಳೆಯುವಾಗ ಮಾತ್ರ. 2017ರ ಫೆಬ್ರುವರಿ 21ರಂದು ಕೊಟ್ಟೂರಿನ ಗುರುಬಸವೇಶ್ವರ ರಥ ಸಾವಿರಾರು ಜನರ ನಡುವೆ ವಾಲಿ ಉರುಳಿ ಹಲವರು ಗಾಯಗೊಂಡಾಗ ಅಚ್ಚು, ಗಾಲಿ ಎಂಬ ಮಾತು ಕೆಲವು ದಿನ ಎಲ್ಲರ ಬಾಯಲ್ಲಿತ್ತು.

ಹಂಪಿಯ ಕಲ್ಲಿನ ರಥದ ಗಾಲಿಗಳನ್ನು ದಿನವೂ ಸಾವಿರ ಜನ ಫೋಟೊ ಹಿಡಿಯುತ್ತಾರೆ. ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ, ಈಗ ಸಿಮೆಂಟು ಹಾಕಿ ನಿಲ್ಲಿಸಿದ್ದಾರೆ. ಊರ ಹಿತ್ತಿಲಲ್ಲಿ ಗೋಡೆಗೊರಗಿದ ಕರಿಜಾಲಿಯ ಗಾಲಿಗೆ ಅಷ್ಟು ಭಾಗ್ಯವಿಲ್ಲ: ಹಳಿ ಗುಜರಿಗೆ, ಗುಂಬ ಒಲೆಗೆ, ಅದೃಷ್ಟವಿದ್ದರೆ ಇಡೀ ಗಾಲಿ ಯಾವುದೋ ರೆಸಾರ್ಟಿನ ಬಾಗಿಲಿಗೆ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಉಳಿದಿದ್ದರೆ, ಗುಜರಿಯವನು ಬರುವ ಮೊದಲು ಅದನ್ನು ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ಸುತ್ತಳತೆ ಹಿಡಿಯಿರಿ, ಅರೆಕಾಲು ಎಣಿಸಿ, ಯಾವ ಮರವೆಂದು ಹಿರಿಯರನ್ನು ಕೇಳಿ, ಒಂದು ಹಾಳೆಯಲ್ಲಿ ಊರಿನ ಹೆಸರಿನೊಂದಿಗೆ ಬರೆದಿಡಿ.